ನೋಟ್‌ಬುಕ್ ಆಚೆ ಇಡಿ, ಹೆಬ್ಬೆರಳು ನೋಡಿ

ಪ್ರಶ್ನೆ: ಮೇಡಂ, ನಾವು ದಾವಣಗೆರೆ ನಿಟ್ಟುವಳ್ಳಿಯವ್ರು. ಮಗನಿಗೆ 4 ವರ್ಷ 3 ತಿಂಗಳು, ಈ ಜೂನ್‌ಗೆ ಎಲ್‌ಕೆಜಿಗೆ ಸೇರ್ಸಿದ್ವಿ. ಪೆನ್ಸಿಲ್ ಮುಷ್ಟೀಲಿ ಹಿಡೀತಾನೆ, ಅರ್ಧ ಪೇಜ್ ಬರೆಯೋದ್ರೊಳಗೆ ಕೈ ನೋವು ಅಂತ ಅಳ್ತಾನೆ. ಮಿಸ್ಸು ‘ಫೈನ್ ಮೋಟಾರ್, ಅಂದ್ರೆ ಬೆರಳಿನ ಸೂಕ್ಷ್ಮ ಕೆಲ್ಸ, ವೀಕ್ ಇದೆ, ಮನೇಲಿ ಪ್ರಾಕ್ಟೀಸ್ ಮಾಡ್ಸಿ’ ಅಂತ ದಿನಾ ಎರಡು ಪೇಜ್ ಹೋಮ್‌ವರ್ಕ್ ಕೊಡ್ತಾರೆ. ಪಕ್ಕದ್ಮನೆ ಹುಡುಗಿ ಆಗ್ಲೇ ಹೆಸ್ರು ಬರೀತಾಳೆ. ಇವ್ನು ಮೊಬೈಲ್ ಮಾತ್ರ ಎಷ್ಟು ಚೆನ್ನಾಗಿ ಒತ್ತುತಾನೆ, ಹಂಗಾದ್ರೆ ಬೆರಳು ಸರಿ ಇದಾವೆ ಅಂತ ತಾನೇ? ಆನ್‌ಲೈನಲ್ಲಿ 2,499 ರೂಪಾಯಿಗೆ ಒಂದು ಫೈನ್ ಮೋಟಾರ್ ಕಿಟ್ ಇದೆ, ತಗೊಳ್ಳಲಾ? ಇನ್ನೊಂದು, ಒಮ್ಮೊಮ್ಮೆ ಎಡಗೈಲಿ ಬರೀತಾನೆ, ಅತ್ತೆ ಬಲಗೈಗೆ ಕೊಡು ಅಂತ ಬೈತಾರೆ.

ಉತ್ತರ: ಕಿಟ್ ವಿಷ್ಯ ಮೊದ್ಲು ಮುಗಿಸ್ಬಿಡ್ತೀನಿ, ಈಗ್ಲೇ ತಗೋಬೇಡಿ. ಕೆಟ್ಟ ಸಾಮಾನು ಅಂತಲ್ಲ, ಮಗನ ಕೈ ಎಲ್ಲಿ ಸೋಲ್ತಾ ಇದೆ ಅಂತ ಗೊತ್ತಿಲ್ದೆ ಕಿಟ್ ತಗೊಳ್ಳೋದು ಮೆಡಿಕಲ್ ಶಾಪಿಗೆ ಹೋಗಿ ‘ಯಾವ್ದಾದ್ರೂ ಒಂದು ಗುಳಿಗೆ ಕೊಡಪ್ಪ’ ಅಂದಂಗೆ.

ಇಷ್ಟು ವರ್ಷದಿಂದ ಮಕ್ಕಳ ಆಕ್ಯುಪೇಷನಲ್ ಥೆರಪಿ (ಬರೆಯೋದು, ಉಣ್ಣೋದು, ಗುಂಡಿ ಹಾಕೋದು ಥರದ ದಿನದ ಕೆಲ್ಸ ಕಲಿಸೋ ಚಿಕಿತ್ಸೆ) ಮಾಡ್ತಿದೀನಿ, ಬರೋ ಅಪ್ಪ ಅಮ್ಮ ಎಲ್ರೂ ಬ್ಯಾಗಿಂದ ಮೊದ್ಲು ತೆಗೆಯೋದೇ ನೋಟ್‌ಬುಕ್. ‘ನೋಡಿ ಮೇಡಂ ಹೆಂಗ್ ಬರ್ದಿದಾನೆ’ ಅಂತ. ನಾನು ಅದನ್ನ ಮಡಚಿ ಪಕ್ಕಕ್ಕಿಟ್ಟು ಒಂದು ಸ್ಟೀಲ್ ತಟ್ಟೇಲಿ ಒಂದು ಹಿಡಿ ಮಂಡಕ್ಕಿ ಹಾಕ್ತೀನಿ. ದಾವಣಗೆರೇಲಿ ಮಂಡಕ್ಕಿ ಇಲ್ದಿರೋ ಮನೆ ಇರಲ್ಲ, ಅಂಥ ಹಗುರ ಸಾಮಾನು ಪರೀಕ್ಷೆಗೆ ಬೇರೆ ಇಲ್ಲ, ಒತ್ತಿದ್ರೆ ಪುಡಿ ಆಗುತ್ತೆ, ಬಿಟ್ರೆ ಹಾರುತ್ತೆ. ನೀವೂ ಇವತ್ತು ರಾತ್ರಿ ಮಾಡಿ. ಒಂದೊಂದೇ ಎತ್ತು ಅನ್ನಿ, ಮುಖ ನೋಡಬೇಡಿ, ಹೆಬ್ಬೆರಳು ನೋಡಿ. ಹೆಬ್ಬೆರಳ ತುದಿ ತೋರುಬೆರಳ ತುದಿಗೆ ಬಂದು ಮುಟ್ಟಿ, ಎರಡರ ನಡುವೆ ಬಳೆ ಥರ ದುಂಡಗೆ ಜಾಗ ಕಾಣ್ತಿದ್ರೆ ಒಳ್ಳೇದು. ಬೀಗದ ಕೀ ಹಿಡಿದಂಗೆ ಹೆಬ್ಬೆರಳು ತೋರುಬೆರಳಿನ ಪಕ್ಕಕ್ಕೆ ಒತ್ತಿಕೊಂಡಿದ್ರೆ, ಇಲ್ಲಾ ಐದೂ ಬೆರಳಲ್ಲಿ ಕೆರೆದು ಎತ್ತುತಿದ್ರೆ, ಅಲ್ಲಿ ಕೆಲ್ಸ ಇದೆ. ತುದಿಯಿಂದ ಎತ್ತೋದು ಮಗೂಗೆ ಸುಮಾರು 9–10 ತಿಂಗಳಿಗೇ ಶುರುವಾಗಿ ವರ್ಷದ ಹೊತ್ತಿಗೆ ಚೆನ್ನಾಗಿ ಬಂದಿರುತ್ತೆ, ಹಂಗಾಗಿ 4 ವರ್ಷದವ್ನಿಗೆ ಇದು ಬರ್ಲೇಬೇಕು.

ಎರಡನೇ ಸುತ್ತು ಸ್ವಲ್ಪ ಕಷ್ಟದ್ದು. ಐದು ಮಂಡಕ್ಕಿ ಒಂದೊಂದಾಗಿ ಎತ್ತಿ ಅದೇ ಕೈಯ ಅಂಗೈಲಿ ಇಟ್ಕೋಬೇಕು, ಬೀಳಿಸ್ಬಾರ್ದು, ಆಮೇಲೆ ಅದೇ ಕೈಲಿ ಒಂದೊಂದೇ ಬೆರಳ ತುದಿಗೆ ತಂದು ಬಟ್ಟಲಿಗೆ ಹಾಕ್ಬೇಕು, ಇನ್ನೊಂದು ಕೈ ಸಹಾಯಕ್ಕೆ ಬರಂಗಿಲ್ಲ. ನೀವೇ ಒಂದ್ಸಲ ಮಾಡ್ನೋಡಿ. ಕಿರುಬೆರಳು, ಉಂಗುರಬೆರಳು ಮಡಚಿ ಕಾವಲು ಕೂತಿರ್ತಾವೆ, ಮುಂದಿನ ಮೂರು ಬೆರಳು ಓಡಾಡ್ತಾವೆ. ಪೆನ್ಸಿಲ್ ಹಿಡಿಯೋದೂ ಇದೇ ಲೆಕ್ಕ, ಎರಡು ಬೆರಳು ಸುಮ್ನಿರ್ಬೇಕು, ಮೂರು ಕೆಲ್ಸ ಮಾಡ್ಬೇಕು. ಮುಷ್ಟೀಲಿ ಹಿಡಿಯೋ ಮಗೂಗೆ ಈ ಎರಡು ಪಾರ್ಟಿ ಇನ್ನೂ ಬೇರೆ ಬೇರೆ ಆಗಿಲ್ಲ, ಐದೂ ಒಟ್ಟಿಗೇ ಮುಚ್ಕೊಳ್ತಾವೆ, ಒಟ್ಟಿಗೇ ಬಿಚ್ಕೊಳ್ತಾವೆ. ಅದಕ್ಕೇ ಅವ್ನು ಅಷ್ಟು ಗಟ್ಟಿ ಹಿಡ್ಕೊಂಡು ಒತ್ತಿ ಒತ್ತಿ ಬರೀತಿರ್ಬೇಕು, ಅರ್ಧ ಪೇಜಿಗೆ ಕೈ ನೋವು ಬರೋದು ನಾಟಕ ಅಂತ ನನಗನ್ಸಲ್ಲ.

ಒಂದು ವಿಷ್ಯ ಗೊತ್ತಿದ್ರೆ ಮುಂದಿನದೆಲ್ಲ ಸುಲಭ ಆಗುತ್ತೆ. ಬೆರಳೊಳಗೆ ಮಾಂಸಖಂಡ ಇಲ್ಲ. ಎಡಗೈಯನ್ನ ಬಲ ಮುಂಗೈ ಮೇಲಿಟ್ಟು ಬಲಗೈ ಬೆರಳು ಆಡ್ಸಿ, ಕೆಳಗೆ ಮಿಸುಕೋದು ಗೊತ್ತಾಗುತ್ತೆ. ಬೆರಳನ್ನ ಎಳೆಯೋ ದೊಡ್ಡ ಖಂಡ ಮುಂಗೈಲಿದೆ, ಸೂಕ್ಷ್ಮ ಕೆಲ್ಸದ ಸಣ್ಣ ಖಂಡ ಅಂಗೈಲಿದೆ, ಬೆರಳು ಸೂತ್ರದ ಗೊಂಬೆ ಇದ್ದಂಗೆ. ಸೂತ್ರ ಹಿಡಿದೋನು ಅಲ್ಲಾಡ್ತಿದ್ರೆ ಗೊಂಬೆ ಕುಣಿಯಲ್ಲ, ಅಂದ್ರೆ ಭುಜ ಗಟ್ಟಿ ಇಲ್ದೆ ಮಣಿಕಟ್ಟು ನಿಲ್ಲಲ್ಲ, ಮಣಿಕಟ್ಟು ನಿಲ್ದೆ ಬೆರಳು ನಾಜೂಕಾಗಲ್ಲ. ಆಮೇಲೆ ಮಣಿಕಟ್ಟಲ್ಲಿ ಒಟ್ಟು 8 ಸಣ್ಣ ಮೂಳೆ, 4 ವರ್ಷದ ಮಗೂ ಎಕ್ಸ್‌ರೇ ತೆಗೆದ್ರೆ ಮೂರೋ ನಾಲ್ಕೋ ಕಾಣ್ತಾವೆ ಅಷ್ಟೇ, ಉಳಿದವು ಇನ್ನೂ ಮೆದು ಮೂಳೆ, ಕೊನೇದು ಕಾಣೋದು 9–12 ವರ್ಷದ ಹೊತ್ತಿಗೆ. ಡಾಕ್ಟ್ರು ಮೂಳೆ ವಯಸ್ಸು ಎಷ್ಟು ಅಂತ ಲೆಕ್ಕ ಹಾಕೋಕೆ ಎಡಗೈ ಎಕ್ಸ್‌ರೇ ತೆಗೆಯೋದು ಇದಕ್ಕೇ. ಹಂಗಂತ ಈ ವಯಸ್ಸಲ್ಲಿ ಯಾರೂ ಬರೆಯೋಕಾಗಲ್ಲ ಅಂತ ನಾನು ಹೇಳ್ತಿಲ್ಲ, ಪಕ್ಕದ್ಮನೆ ಹುಡುಗಿ ಬರೀತಿದಾಳಲ್ಲ. ಮನೆ ಇನ್ನೂ ಕಟ್ತಾ ಇದಾರೆ, ಆಗ್ಲೇ ಗೃಹಪ್ರವೇಶದ ಡೇಟ್ ಕೇಳ್ಬೇಡಿ ಅಂತ ಅಷ್ಟೇ.

ಸಾಮಾನ್ಯವಾಗಿ ಒಂದು, ಒಂದೂವರೆ ವರ್ಷಕ್ಕೆ ಮುಷ್ಟೀಲಿ ಹಿಡಿದು ಗೀಚ್ತಾರೆ, 2–3ಕ್ಕೆ ಬೆರಳೆಲ್ಲ ಕೆಳಗೆ ಮಾಡಿ ಹಿಡೀತಾರೆ, ಮೂರೂವರೆ ನಾಲ್ಕಕ್ಕೆ ಮೂರು ಬೆರಳು ಬರುತ್ತೆ ಆದ್ರೆ ಇಡೀ ಕೈ ಅಲ್ಲಾಡುತ್ತೆ, ಬರೀ ಬೆರಳಷ್ಟೇ ಆಡಿಸಿ ಬರೆಯೋದು ನಾಲ್ಕೂವರೆಯಿಂದ 6 ವರ್ಷದೊಳಗೆ. ನಿಮ್ಮವ್ನು ಸ್ವಲ್ಪ ಹಿಂದಿದಾನೆ, ಹೌದು. ಅದನ್ನ ರೋಗ ಅನ್ನಕ್ಕಾಗಲ್ಲ. ಚಿತ್ರ ಬಿಡ್ಸೋದ್ರಲ್ಲೂ ಒಂದು ಕ್ರಮ ಇದೆ, 3 ವರ್ಷಕ್ಕೆ ನೋಡಿ ಸೊನ್ನೆ ಬರೀತಾರೆ, 4ಕ್ಕೆ ಪ್ಲಸ್, ನಾಲ್ಕೂವರೆ ಐದಕ್ಕೆ ಚೌಕ, ಐದು ದಾಟಿದ ಮೇಲೆ ತ್ರಿಕೋನ. ಓರೆ ಗೆರೆ ಎಲ್ಲಕ್ಕಿಂತ ಕೊನೇಗೆ ಬರೋದು. ಈಗ ಇಂಗ್ಲಿಷ್ ಕೆ, ಎಂ, ಡಬ್ಲ್ಯೂ, ಎಕ್ಸ್ ನೆನಪು ಮಾಡ್ಕೊಳ್ಳಿ, ಎಲ್ಲದ್ರಲ್ಲೂ ಓರೆ ಗೆರೆ. ತ್ರಿಕೋನ ಬರೆಯೋಕೆ ಬರದ ಮಗೂ ಕೈಲಿ ಎಕ್ಸ್ ಬರೆಸ್ತೀವಿ! ನಮ್ಮ ಠ, ರ, ಗ ಆದ್ರೆ ದುಂಡಗಿವೆ, ಕೈ ತಾನಾಗೇ ತಿರುಗುತ್ತೆ (ಈ ಮತ್ತು ಋ ಬಗ್ಗೆ ನಾನೇನೂ ಹೇಳಲ್ಲ, ಅವು ದೊಡ್ಡವರಿಗೇ ತಲೆನೋವು).

ಹೋಮ್‌ವರ್ಕ್ ವಿಷ್ಯ. ಕೇಂದ್ರದ ಶಾಲಾ ಬ್ಯಾಗ್ ನೀತಿ 2020ರಲ್ಲಿ 2ನೇ ಕ್ಲಾಸ್ ತನಕ ಹೋಮ್‌ವರ್ಕ್ ಬೇಡ ಅಂತಿದೆ, ಎಲ್‌ಕೆಜಿ ಅದಕ್ಕಿಂತ ಕೆಳಗಿನ ಮಾತು. ಅದನ್ನ ಹಿಡ್ಕೊಂಡು ಮಿಸ್ಸಿನ ಜೊತೆ ಜಗಳಕ್ಕೆ ಹೋಗ್ಬೇಡಿ, ಪಾಪ ಅವ್ರಿಗೂ ಮೇಲಿಂದ ಒತ್ತಡ ಇರುತ್ತೆ, ಎಷ್ಟೋ ಕಡೆ ಅಪ್ಪ ಅಮ್ಮಂದಿರೇ ‘ಏನೂ ಬರೆಸ್ತಿಲ್ಲ’ ಅಂತ ಕಂಪ್ಲೇಂಟ್ ಮಾಡಿರ್ತಾರೆ. ‘ಮಿಸ್, ಒಂದು ನಾಲ್ಕು ವಾರ ಬರೆಯೋದ್ರ ಬದ್ಲು ಕೈ ಗಟ್ಟಿ ಮಾಡೋ ಆಟ ಆಡಿಸ್ತೀನಿ, ಆಮೇಲೆ ನೋಡೋಣ’ ಅಂತ ಕೇಳಿ, ಹೆಚ್ಚಿನವ್ರು ಒಪ್ತಾರೆ.

ಈಗ ಆಟ. ಮೇಲಿಂದ ಕೆಳಗೆ ಬರೋಣ. ಅವ್ನು ಬರೆಯೋವಾಗ ಟೇಬಲ್ ಮೇಲೆ ತಲೆ ಇಟ್ಕೊಂಡು ಬರೀತಾನಾ, ಇಡೀ ತೋಳು ಎಳೀತಾನಾ? ಹಂಗಿದ್ರೆ ಭುಜದ ಕೆಲ್ಸ ಮೊದ್ಲು. ಕಾಲು ನೀವು ಹಿಡ್ಕೊಳ್ಳಿ, ಅವ್ನು ಕೈಲಿ ನಡೀಲಿ, ತಳ್ಳೋ ಬಂಡಿ ಥರ, ಹಾಲಿಂದ ಅಡುಗೆಮನೆ ತನಕ. ಹೊಟ್ಟೆ ಮೇಲೆ ಮಲ್ಗಿ ಚಿತ್ರ ಬಿಡ್ಸೋದೂ ಒಳ್ಳೇದು. ಭಾನುವಾರ ಚಿತ್ರದುರ್ಗದ ಕೋಟೆಗೆ ಕರ್ಕೊಂಡು ಹೋಗಿ ಮೆಟ್ಲು, ನಿಮ್ಮ ಕೈಗೆ ಅವ್ನು ಸಿಗೋವಷ್ಟೇ ಎತ್ತರದ ಸಣ್ಣ ಬಂಡೆ ಕೈಕಾಲೂರಿ ಹತ್ತಿಸಿದ್ರೆ ನನ್ನ ರೂಮಿನ ಒಂದು ಸೆಷನ್‌ಗಿಂತ ಹೆಚ್ಚು ಕೆಲ್ಸ ಆಗುತ್ತೆ, ನನ್ನ ಫೀಸು ನಷ್ಟ, ಇರ್ಲಿ.

ಮಣಿಕಟ್ಟಿಗೆ ಗೋಡೆ ಬೇಕು. ಸ್ಲೇಟನ್ನ ಅವನ ಕಣ್ಣಿನ ಎತ್ತರಕ್ಕೆ ಗೋಡೆಗೆ ಹೊಡೀರಿ, ನಿಂತ್ಕೊಂಡು ಬರೀಲಿ. ನಿಂತು ಗೋಡೆ ಮೇಲೆ ಬರೆಯೋವಾಗ ಮಣಿಕಟ್ಟು ತಾನಾಗೇ ಹಿಂದಕ್ಕೆ ಬಾಗುತ್ತೆ, ಬೆರಳು ಆಡೋಕೆ ಬೇಕಾದ ಭಂಗಿ ಅದೇ. ಸ್ಲೇಟು ಇಲ್ವಾ, ಬಕೆಟ್ ನೀರು, ಪೇಂಟ್ ಬ್ರಶ್ ಕೊಟ್ಟು ಕಾಂಪೌಂಡ್ ಗೋಡೆಗೆ ‘ಬಣ್ಣ ಹೊಡಿ’ ಅನ್ನಿ, ನಮ್ಮ ಬಿಸ್ಲಿಗೆ ಒಂದ್ ತುದಿ ಮುಗಿಯೋದ್ರಲ್ಲಿ ಇನ್ನೊಂದ್ ತುದಿ ಒಣಗಿರುತ್ತೆ, ಮತ್ತೆ ಹೊಡೀತಾನೆ.

ಹೆಬ್ಬೆರಳಿಗೆ ಬೇಕಿರೋದು ಎದುರು ತಳ್ಳೋ ಸಾಮಾನು. ಮೊಬೈಲ್ ಬಗ್ಗೆ ಕೇಳಿದ್ರಲ್ಲ, ಅದಕ್ಕೂ ಉತ್ತರ ಇದೇ. ಗಾಜಿನ ಮೇಲೆ ಬೆರಳು ಜಾರಿಸೋಕೆ ಬಲವೇ ಬೇಡ, ಒಂದೇ ಬೆರಳು ಸಾಕು, ಹೆಬ್ಬೆರಳು ಪೂರ್ತಿ ರಜೆ. ಮೊಬೈಲಲ್ಲಿ ಚುರುಕಿರೋ ಎಷ್ಟೋ ಮಕ್ಕಳಿಗೆ ಅಂಗಿ ಗುಂಡಿ ಹಾಕೋಕೆ ಬರಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 2ರಿಂದ 4 ವರ್ಷದವರಿಗೆ ಕೂತು ಸ್ಕ್ರೀನ್ ನೋಡೋದು ದಿನಕ್ಕೆ ಒಂದು ಗಂಟೆ ಮೀರಬಾರ್ದು, ಕಡಿಮೆ ಆದಷ್ಟೂ ಒಳ್ಳೇದು ಅಂದಿದೆ.

ನಿಮ್ಮನೇಲಿ ರೊಟ್ಟಿ ದಿನಾ ತಟ್ತೀರಿ ತಾನೇ? ಜೋಳದ ಹಿಟ್ಟು ನಾದಿ ಆರಿದ ಮೇಲೆ ಒಂದು ನಿಂಬೆಹಣ್ಣಿನಷ್ಟು ಅವನಿಗೆ ಕೊಡಿ. ಎಲ್ಲಾರೂ ಮಾಡೋ ತಪ್ಪು ಏನಂದ್ರೆ ಎರಡು ಅಂಗೈ ನಡುವೆ ಉಂಡೆ ಹೊರಳ್ಸೋಕೆ ಹೇಳೋದು, ಅದ್ರಲ್ಲಿ ಬೆರಳಿಗೆ ಕೆಲ್ಸ ಸಿಗಲ್ಲ. ಹುಣಸೆ ಬೀಜದಷ್ಟು ಚೂರು ಚಿವುಟಿ, ಒಂದೇ ಕೈಯ ಮೂರು ಬೆರಳ ತುದೀಲಿ ಉಂಡೆ ಮಾಡ್ಬೇಕು, ಹತ್ತು ಮಾಡಿದ್ರೆ ಸಾಕು, ಅಷ್ಟಕ್ಕೇ ಹೆಬ್ಬೆರಳ ಬುಡ ನೋಯುತ್ತೆ ನೋಡಿ ಬೇಕಾದ್ರೆ. ಅಂಗಡಿ ಕ್ಲೇ ಬಣ್ಣ ಬಣ್ಣ ಇರುತ್ತೆ, ಆದ್ರೆ ಬಲು ಮೆತ್ತಗೆ. ಮಣ್ಣಿಗೆ ಸಮ ಇಲ್ಲ. ನಮ್ಮ ಕಡೆ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡ್ತಿದ್ವಲ್ಲ, ಈಗ ಮಾರ್ಕೆಟ್ಟಿಂದ ಜೋಡಿ ತಂದು ಪೂಜೆ ಮಾಡಿ ಮುಗಿಸ್ತೀವಿ, ಅದೊಂದು ಹಬ್ಬದಲ್ಲಿ ನಮ್ಮ ಮಕ್ಕಳ ಕೈಯಿಂದ ಏನು ಕಿತ್ಕೊಂಡ್ವಿ ಅಂತ ಯಾರೂ ಯೋಚ್ನೆ ಮಾಡ್ಲಿಲ್ಲ. ಎತ್ತಿಗೆ ಕೋಡು ಬರ್ಬೇಕಂದ್ರೆ ಮುದ್ದೆಯಿಂದಾನೇ ಮಣ್ಣು ಚಿವುಟಿ ಮೇಲಕ್ಕೆ ಎಳೀಬೇಕು, ಜೋರಾಗಿ ಎಳೆದ್ರೆ ಕಿತ್ತು ಬರುತ್ತೆ, ಮೆಲ್ಲಗೆ ಎಳೆದ್ರೆ ಬರೋದೇ ಇಲ್ಲ. ಎಷ್ಟು ಬಲ ಹಾಕ್ಬೇಕು ಅಂತ ಬೆರಳು ಕಲಿಯೋದು ಅಲ್ಲಿ. ಪೆನ್ಸಿಲ್ ಒತ್ತಿ ಮುರಿಯೋ ಹುಡುಗ್ರಿಗೆ ಬೇಕಿರೋದೂ ಅದೇ. ಆಮೇಲೆ ಡುಬ್ಬ ಒತ್ತೋದು, ಬಾಲ ಹೊಸೆಯೋದು, ಗೋದ್ಲೆಗೆ ಹುಲ್ಲು ಹಾಕೋದು. ಅಮಾವಾಸ್ಯೆ ದಾಟಿದ್ರೂ ಪರ್ವಾಗಿಲ್ಲ, ಗಣಪತಿ ಮಾಡೋರ ಹತ್ರ ಮಣ್ಣು ಸಿಗುತ್ತೆ. ಒಂದು ಎಚ್ಚರಿಕೆ, ಎತ್ತಿನ ಕಣ್ಣಿಗೆ ಗುಲಗಂಜಿ ಅಂಟಿಸೋರು ಇದಾರೆ, ಬೇಡವೇ ಬೇಡ, ಅದನ್ನ ಅಗಿದು ನುಂಗಿದ್ರೆ ವಿಷ, ಜೋಳದ ಕಾಳು ಒತ್ತಿ ಸಾಕು.

ಮೆಕ್ಕೆಜೋಳ ನಮ್ಮ ಜಿಲ್ಲೇಲಿ ಎಲ್ಲಿ ನೋಡಿದ್ರೂ. ಒಣಗಿದ ತೆನೆ ತಂದು ಮೊದ್ಲ ಎರಡು ಸಾಲು ನೀವು ಬಿಡ್ಸಿ ಕೊಡಿ, ಇಲ್ಲಾಂದ್ರೆ ಅವ್ನಿಗೆ ಬರಲ್ಲ, ಸಿಟ್ಟು ಬರುತ್ತೆ. ಪಕ್ಕದಲ್ಲಿ ಖಾಲಿ ಜಾಗ ಆದ್ಮೇಲೆ ಕಾಳನ್ನ ಹೆಬ್ಬೆರಳಲ್ಲಿ ತಳ್ಳಿದ್ರೆ ಟಪಕ್ ಅಂತ ಬೀಳುತ್ತೆ, ಆ ಸದ್ದಿಗೇ ಮಕ್ಕಳು ಕೂತು ಬಿಡ್ಸ್ತಾವೆ. ಚಳ್ಳಕೆರೆ ಕಡೆ ನೆಂಟ್ರಿದ್ರೆ ಶೇಂಗಾ ಕಾಯಿ ತರ್ಸಿ, ಸುಲಿಯೋಕೆ ಎರಡು ಕೈಗೂ ಬೇರೆ ಬೇರೆ ಕೆಲ್ಸ, ಒಂದು ಹಿಡೀಬೇಕು ಇನ್ನೊಂದು ಒಡೀಬೇಕು. ಆದ್ರೆ ಸುಲಿದ ಬೀಜ ಬಾಯಿಗೆ ಹೋಗಬಾರ್ದು, 5 ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ ಬೇಡ, ಉಸಿರ ಕೊಳವೆಗೆ ಹೋಗಿ ಸಿಕ್ಕಾಕ್ಕೊಳ್ಳೋದ್ರಲ್ಲಿ ಶೇಂಗಾ ಬೀಜದ್ದು ಮೊದ್ಲ ಸಾಲು, ಚಟ್ನಿಪುಡಿ ಮಾಡಿ ಕೊಡಿ. ಮನೇಲಿ ಇನ್ನೂ ಸಣ್ಣ ಮಗು ಇದ್ರೆ ಕಾಳು ಬೀಜದ ಆಟ ಅದು ಮಲಗಿದಾಗ್ಲೇ ಆಡಿ, ಆಟ ಮುಗಿದ ತಕ್ಷಣ ಎಣಿಸಿ ಎತ್ತಿಡಿ. ಆನ್‌ಲೈನ್ ಆಟಿಕೆ ಏನೇ ತಂದ್ರೂ ಅದರಲ್ಲಿ ಬಟನ್ ಬ್ಯಾಟರಿ ಇದ್ದು ಮುಚ್ಚಳಕ್ಕೆ ಸ್ಕ್ರೂ ಇಲ್ಲಾಂದ್ರೆ ವಾಪಸ್ ಕಳ್ಸಿ. ನುಂಗಿದ್ರೆ ಎರಡು ಗಂಟೇಲೇ ಅನ್ನನಾಳ ಸುಡೋಕೆ ಶುರುವಾಗುತ್ತೆ, ಅನುಮಾನ ಬಂದ್ರೂ ಸೀದಾ ಆಸ್ಪತ್ರೆ.

ನನಗೆ ಎಲ್ಲಕ್ಕಿಂತ ಇಷ್ಟದ್ದು ಅಳಗುಳಿಮಣೆ. ನಮ್ಮಜ್ಜಿ ಜಗಳೂರು ಕಡೆಯವ್ರು, ಮಧ್ಯಾಹ್ನ ಊಟ ಆದ್ಮೇಲೆ ಮಣೆ ತೆಗೆದ್ರೆ ಸಂಜೆ ದೀಪ ಹಚ್ಚೋ ತನಕ ಹುಣಸೆ ಬೀಜದ ಸದ್ದು. ಅಜ್ಜಿ ಕೈ ನೋಡ್ತಾ ಕೂರ್ತಿದ್ದೆ, ಒಂದು ಗುಳಿಯ ಬೀಜ ಎಲ್ಲಾ ಬಾಚಿ, ಮುಷ್ಟಿ ಬಿಚ್ದಂಗೇನೇ ಹೆಬ್ಬೆರಳಿಂದ ಒಂದೊಂದೇ ಬೀಜ ಹೊರಗೆ ತಳ್ಳಿ ಗುಳಿಗೆ ಒಂದರಂತೆ ಬಿತ್ತಿಕೊಂಡು ಹೋಗ್ತಿದ್ರು, ಎರಡು ಸಾಲು, ಏಳೇಳು, ಹದಿನಾಲ್ಕು ಗುಳಿ. ಆಮೇಲೆ ಕಾಲೇಜಲ್ಲಿ ಇದೇ ಚಲನೆಗೆ ಉದ್ದದೊಂದು ಇಂಗ್ಲಿಷ್ ಹೆಸ್ರು ಹೇಳ್ಕೊಟ್ಟಾಗ ನಗು ಬಂತು. ಮೇಲೆ ಹೇಳಿದ್ನಲ್ಲ ಐದು ಮಂಡಕ್ಕಿ ಪರೀಕ್ಷೆ, ಅದರ ಅಭ್ಯಾಸ ಪೂರ್ತಿ ಈ ಆಟದೊಳಗೇ ಇದೆ. 4 ವರ್ಷದವ್ನಿಗೆ ಆಟದ ನಿಯಮ ತಲೆಗೆ ಹೋಗಲ್ಲ, ಗೆಲ್ಲೋದು ಸೋಲೋದು ಬಿಡಿ, ಬರೀ ಬಿತ್ತೋದು ಆಡ್ಸಿ. ಮೊದ್ಲ ವಾರ ಕೈಲಿ ಮೂರೇ ಬೀಜ, ಆಮೇಲೆ ನಾಲ್ಕು, ಐದು. ಬೀಜ ಬಿದ್ರೆ ಮತ್ತೆ ಮೊದ್ಲ ಗುಳಿಯಿಂದ. ಮಣೆ ಇಲ್ದಿದ್ರೆ ಮೊಟ್ಟೆ ಟ್ರೇ ನಡೆಯುತ್ತೆ. ಅತ್ತೆಯವ್ರನ್ನ ಎದುರಿಗೆ ಕೂರ್ಸಿ, ಅವ್ರಿಗೆ ಈ ಆಟ ಬರುತ್ತೆ ಅಂತ ನನ್ನ ಅಂದಾಜು, ಬೈಯೋದೂ ಅರ್ಧ ಕಮ್ಮಿ ಆಗುತ್ತೆ.

ಮಾಂಟೆಸ್ಸೊರಿ ಅಂತ ಕಿಟ್ ಮೇಲೆ ಬರ್ದಿರ್ತಾರಲ್ಲ, ಅದು ಒಬ್ಬ ಹೆಣ್ಮಗಳ ಹೆಸ್ರು, ಡಾಕ್ಟ್ರು, 1907ರಲ್ಲಿ ರೋಮ್‌ನ ಬಡವರ ಕೇರೀಲಿ ‘ಮಕ್ಕಳ ಮನೆ’ ಅನ್ನೋ ತಮ್ಮ ಮೊದ್ಲ ಶಾಲೆ ತೆರೆದೋರು, 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು ಮಹಾಯುದ್ಧದಿಂದ ವರ್ಷಗಟ್ಟಲೆ ಇಲ್ಲೇ ಉಳಿದ್ರು. ಅವ್ರು ಮಾಡ್ಸಿದ ಮರದ ಸಿಲಿಂಡರ್‌ಗಳಿಗೆ ತಲೆ ಮೇಲೆ ಒಂದು ಸಣ್ಣ ಗುಬುಟು, ಅದನ್ನ ಮೂರು ಬೆರಳಲ್ಲೇ ಹಿಡಿಯೋಕಾಗೋದು, ಮಗು ತನಗೇ ಗೊತ್ತಿಲ್ದಂಗೆ ಪೆನ್ಸಿಲ್ ಹಿಡಿತ ಕಲಿಯುತ್ತೆ, ಪೆನ್ಸಿಲ್ ಮುಟ್ದೇನೇ. ಉಪಾಯ ಅಷ್ಟೇ. ನಿಮ್ಮ ಪಾತ್ರೆ ಮುಚ್ಚಳದ ಗುಬುಟೂ ಅದೇ ಅಳತೆ, ಐದಾರು ಪಾತ್ರೆ ಹರಡಿ ಯಾವ ಮುಚ್ಚಳ ಯಾವುದಕ್ಕೆ ಅಂತ ಹುಡುಕ್ಸಿ.

ದುಡ್ಡು ಖರ್ಚು ಮಾಡ್ಲೇಬೇಕು ಅಂದ್ರೆ ಒಂದು ಒಳ್ಳೆ ಮಕ್ಕಳ ಕತ್ತರಿ ತಗೊಳ್ಳಿ, ತುದಿ ಮೊಂಡಿರೋದು, ಆದ್ರೆ ನಿಜವಾಗ್ಲೂ ಕತ್ತರಿಸೋದು. ಪ್ಲಾಸ್ಟಿಕ್ಕಿನವು ಕಾಗದ ಮಡಚ್ತಾವೆ ಅಷ್ಟೇ. ಹಳೇ ಲಗ್ನಪತ್ರಿಕೆ ಕತ್ತರಿಸೋಕೆ ಕೊಡಿ, ಪೇಪರ್‌ಗಿಂತ ದಪ್ಪ, ನೆಟ್ಟಗೆ ನಿಲ್ಲುತ್ತೆ, ಸುಲಭ. ಹೆಬ್ಬೆರಳು ಮೇಲಿರ್ಬೇಕು. ಮೂರರ ಹೊತ್ತಿಗೆ ಬರೀ ಚಕ್ ಚಕ್ ಅಂಚು ಕತ್ತರಿಸ್ತಾರೆ, ನಾಲ್ಕರ ಮೇಲೆ ಗೆರೆ ಮೇಲೆ ಹೋಗ್ತಾರೆ. ಕ್ರೇಯಾನ್ ಇದ್ರೆ ಮುರಿದು ಒಂದಿಂಚು ಚೂರು ಮಾಡಿ ಕೊಡಿ, ಬಳಪದ ಚೂರೂ ಆಗುತ್ತೆ. ಅಷ್ಟು ಸಣ್ಣದನ್ನ ಮುಷ್ಟೀಲಿ ಹಿಡಿಯೋಕೇ ಆಗಲ್ಲ, ಬೆರಳ ತುದಿಗೆ ಬರ್ಲೇಬೇಕು, ‘ಸರಿಯಾಗಿ ಹಿಡಿ’ ಅಂತ ಹತ್ತು ಸಲ ಅನ್ನೋದು ತಪ್ಪುತ್ತೆ. ಪೆನ್ಸಿಲ್‌ಗೆ ಹಾಕೋ ರಬ್ಬರ್ ಗ್ರಿಪ್ ನಾನು ಶುರುವಿನ ವರ್ಷಗಳಲ್ಲಿ ಬಂದ ಬಂದವರಿಗೆಲ್ಲ ಬರ್ಕೊಟ್ಟಿದೀನಿ, ಮಕ್ಕಳು ಅದನ್ನ ಕಿತ್ತು ಕಚ್ಚಿ ಎಸೀತಿದ್ವು. ಕೈಯೊಳಗೆ ಬಲ ಇಲ್ದೆ ಹೊರಗಿಂದ ಗ್ರಿಪ್ ಹಾಕ್ಸಿದ್ದು ನನ್ನದೇ ತಪ್ಪು.

ದಿನಕ್ಕೆ 10–15 ನಿಮಿಷ ಸಾಕು, ಅವ್ನು ‘ಇನ್ನೂ ಬೇಕು’ ಅನ್ನೋವಾಗ್ಲೇ ನಿಲ್ಸಿ. ಕೂತು ಆಡೋದಾದ್ರೆ ಕಾಲು ನೇತಾಡಬಾರ್ದು, ನೆಲ ಮುಟ್ಬೇಕು, ಇಲ್ಲಾ ನೆಲದ ಮೇಲೇ ಕೂರ್ಲಿ.

ಎಡಗೈ. ಯಾವ ಕೈ ಅಂತ ಗಟ್ಟಿಯಾಗೋದು 4ರಿಂದ 6 ವರ್ಷದೊಳಗೆ, ಈಗ ಎರಡೂ ಬಳಸೋದು ವಿಚಿತ್ರ ಏನಲ್ಲ. ಕತ್ತರಿ, ಕ್ರೇಯಾನ್ ಎಲ್ಲಾ ಸರಿಯಾಗಿ ಅವನ ನಡುವಿಗಿಡಿ, ಅವನೇ ಆರಿಸ್ಕೊಳ್ಳಲಿ, ಎರಡು ವಾರ ಲೆಕ್ಕ ಬರೆದಿಡಿ. ಎಡಗೈಯೇ ಹೆಚ್ಚು ಬಂದ್ರೆ ಅವ್ನು ಎಡಚ, ಮುಗೀತು, ಬದಲಾಯಿಸಬೇಡಿ. ಊಟಕ್ಕೆ ಬಲಗೈ ಅನ್ನೋದು ಮನೆ ರೀತಿ, ಅತ್ತೆಯವ್ರಿಗೆ ಅಷ್ಟು ಬಿಟ್ಕೊಡಿ, ಬರೆಯೋ ಕೈ ತಂಟೆಗೆ ಮಾತ್ರ ಬರಬಾರ್ದು. ಹೊಡೆಯೋದಂತೂ ಇಲ್ವೇ ಇಲ್ಲ.

ಯಾವಾಗ ತೋರಿಸ್ಬೇಕು ಅಂದ್ರೆ, ಎರಡು ಎರಡೂವರೆ ತಿಂಗಳು ಹಿಂಗೆ ಆಡ್ಸಿದ್ರೂ ಏನೂ ಬದಲಾಗದಿದ್ರೆ, ಈ ವಯಸ್ಸಲ್ಲಿ ಸೊನ್ನೆಯೂ ನೋಡಿ ಬರೆಯೋಕೆ ಬರದಿದ್ರೆ, ಚಮಚ ಹಿಡಿದು ಉಣ್ಣೋಕಾಗದಿದ್ರೆ, ಒಂದು ಕೈ ಬಳಸೋದೇ ಇಲ್ಲ ಅಂತಿದ್ರೆ, ಕೈ ತುಂಬಾ ಬಿಗಿ ಇಲ್ಲಾ ತುಂಬಾ ಸಡಿಲ ಅನ್ಸಿದ್ರೆ, ಪದೇ ಪದೇ ಎಡವಿ ಬೀಳ್ತಿದ್ರೆ, ಮಾತೂ ಹಿಂದಿದ್ರೆ. ಮೊದ್ಲು ಬರ್ತಿದ್ದ ಕೆಲ್ಸ ಈಗ ಮರೆತುಹೋಗ್ತಿದ್ರೆ ಮಾತ್ರ ಎರಡು ತಿಂಗಳು ಕಾಯಬೇಡಿ, ಆ ವಾರವೇ ಮಕ್ಕಳ ಡಾಕ್ಟ್ರ ಹತ್ರ. ಕಣ್ಣೂ ಒಂದ್ಸಲ ಚೆಕ್ ಮಾಡ್ಸಿ, ಕೈ ವೀಕ್ ಅಂತ ಬಂದ ಮಕ್ಕಳಿಗೆ ಕನ್ನಡಕ ಬೇಕಿತ್ತು ಅಂತ ಗೊತ್ತಾಗಿದ್ದು ನನ್ನ ಹತ್ರಾನೇ ಎಷ್ಟೋ ಸಲ ಆಗಿದೆ. ಖರ್ಚಿನ ಚಿಂತೆ ಇದ್ರೆ, 2013ರಿಂದ ಇರೋ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಯೋಜನೇಲಿ ಅಂಗನವಾಡಿ, ಸರ್ಕಾರಿ ಶಾಲೆ ಮಕ್ಕಳ ತಪಾಸಣೆ ಉಚಿತ, ಮುಂದಿನ ದಾರಿ ಜಿಲ್ಲಾ ಆಸ್ಪತ್ರೇಲಿ ಕೇಳಿ. ಕೇಂದ್ರ ಸರ್ಕಾರದ ಸಿಆರ್‌ಸಿ ಅಂತ ಪುನರ್ವಸತಿ ಕೇಂದ್ರ ನಮ್ಮ ದಾವಣಗೆರೇಲೇ ಇದೆ, ಥೆರಪಿಗೆ ಬೆಂಗಳೂರು ಬಸ್ ಹತ್ತಬೇಕಾಗಿಲ್ಲ.

ನೀವು ಬರ್ದಿದ್ರಲ್ಲಿ ಈ ಯಾವ್ದೂ ಇಲ್ಲ, ಹಾಗಾಗಿ ಸದ್ಯ ಮಂಡಕ್ಕಿ ತಟ್ಟೆಯಿಂದ ಶುರು ಮಾಡಿ, ಇವತ್ತಿನ ಒಂದು ಫೋಟೋ, ನಾಲ್ಕು ವಾರ ಆದ್ಮೇಲೆ ಇನ್ನೊಂದು ಫೋಟೋ ಕಳ್ಸಿ. ನೋಟ್‌ಬುಕ್ಕಿಂದು ಬೇಡ, ಎತ್ತೋವಾಗಿನ ಕೈದು, ಹೆಬ್ಬೆರಳು ಕಾಣೋ ಹಂಗೆ.